ಎರಡನೆಯ ಹಪ್ಪಳ

ಹೇಮಾವತಿ,

ನೀನು ತೀರಿಕೊಂಡ ಮೇಲೆ ನಮ್ಮ ಸುಪ್ರಿಯಾಳದು ಎಡಿಎಚ್‌ಡಿ ಎಂಬ ಗಮನದ ತೊಂದರೆಯೆಂದು ತಿಳಿಯಿತು. ಕೆಲಸ ಮುಗಿದಾಗಲೆಲ್ಲ ಚಿಕ್ಕ ಬಹುಮಾನವಿರಲಿ ಎಂದರು ಸಾಗರದ ವೈದ್ಯರು. ದಿನಕ್ಕೊಮ್ಮೆ ನನಗೆ ಇನ್ಸುಲಿನ್ ಚುಚ್ಚಿದರೆ ಅವಳಿಗೊಂದು ಹಲಸಿನ ಹಪ್ಪಳ. ನೀನು ಹೀಗೆಯೇ ತಿಂಡಿ ಕೊಟ್ಟು ಅವಳಿಂದ ಕೆಲಸ ಮಾಡಿಸುತ್ತಿದ್ದಾಗ ನಾನು ಆಡುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯಲಾರೆ.

ಇಂದು ಯಾರೂ ನೆನಪಿಸದೆ ಅವಳೇ ಸೂಜಿ ಹಿಡಿದು ಬಂದಳು. ಆ ಸಂತೋಷದಲ್ಲಿ ಹೊಟ್ಟೆಯೊಡ್ಡಿದೆ. ಬಳಿಕ ಡಬ್ಬಿ ತೆರೆದವಳು, "ಅಪ್ಪಯ್ಯ, ಬೆಳಿಗ್ಗೆನೇ ಒಂದು ತಿಂದಂಗಿತ್ತಲ್ಲ?" ಎಂದಳು. ಮುಂಜಾನೆ ಅರೆನಿದ್ದೆಯಲ್ಲಿ ಚುಚ್ಚಿಸಿಕೊಂಡದ್ದು ನನಗೆ ಆಗ ನೆನಪಾಯಿತು.

"ಅದು ನಿನ್ನೆದು ಮಾರಾಯ್ತಿ, ತಿನ್ನು" ಎಂದೆ.

ಇಮ್ಮಡಿ ಮದ್ದು ಪ್ರಾಣ ತೆಗೆದೀತು. ಸಕ್ಕರೆ ನೀರು ಕುಡಿದಿದ್ದೇನೆ. ಆದರೂ ಅಕ್ಷರಗಳು ಸಾಲು ತಪ್ಪುತ್ತಿವೆ. ಹೇಮಾ, ಭಯವಾಗುತ್ತಿದೆ. ಪಕ್ಕದ ಮನೆಯ ನಾಗೇಂದ್ರನನ್ನು ಕಾರಿಗಾಗಿ ಕೂಗಬೇಕು. ಕೂಗಿದರೆ ಅವಳಿಗೆ ಗೊತ್ತಾಗುತ್ತದೆ. ಅವಳಿನ್ನೂ ಹಪ್ಪಳ ತಿನ್ನುತ್ತಿದ್ದಾಳೆ. ಮುಗಿಸಲಿ.