ಮೂರು ಬೀಗದ ಗೇಟು

ಜುಲೈ 5, ಬೆಳಿಗ್ಗೆ 9
ನಡುಚಳಿಗಾಲ, ಮೈನಸ್ ಏಳು. ಘಾಟಿಯ ನೆತ್ತಿಯಲ್ಲಿ ನಾಲ್ಕು ಇಂಚು ಹಿಮ, ಕೆಳಗಿನ ತಿರುವುಗಳಲ್ಲಿ ಬರೀ ಐಸು. ಎರಡು ಲೋಡು ಜಲ್ಲಿಪುಡಿ ಚೆಲ್ಲಿ ಬಂದೆ. ಬಾಡಿಗೆ ಕಾರಿನ ಟೂರಿಸ್ಟ್ ದಂಪತಿ ಚರಂಡಿಗಿಳಿದು ಕೂತಿದ್ದರು. ಕಾರನ್ನು ಎಳೆಯುವುದು ಮುಂದಿನ ಚಕ್ರ, ಜಾರದಿರಲೆಂದು ಸರಪಳಿ ಸುತ್ತಿದ್ದು ಹಿಂದಿನದಕ್ಕೆ. ಮೇಲೆ ಎಳೆದು ಕಳಿಸಿದೆ. ಹೆಂಡತಿ ಗಂಡನ ಮುಖ ನೋಡುತ್ತಿರಲಿಲ್ಲ, ಪಾಪ.

ನಾಳೆ ಮಧ್ಯಾಹ್ನದಿಂದ ದಕ್ಷಿಣದ ಹಿಮಗಾಳಿ ಅನ್ನುತ್ತಿದೆ ಕ್ರೈಸ್ಟ್‌ಚರ್ಚ್ ರೇಡಿಯೋ. ಘಾಟಿ ರಸ್ತೆ ಮುಚ್ಚಬೇಕಾಗುತ್ತದೆ.

ಜುಲೈ 6, ಬೆಳಿಗ್ಗೆ 8
ಘಾಟಿ ರಸ್ತೆಯ ಗೇಟಿನ ಹತ್ತಿರ ಪಿಕಪ್‌ನಲ್ಲಿ ಮರ್ಡೊ ಸಿಕ್ಕ, ಪಕ್ಕದಲ್ಲಿ ಅವನ ನಾಯಿ. ಮೇಲಿನ ಬಯಲಲ್ಲಿ ಅವನ ಮುನ್ನೂರು ಕುರಿ ಹಿಮದಲ್ಲಿ ಸಿಕ್ಕಿಕೊಂಡಿವೆ. ತುಳಿದು ದಾರಿ ಮಾಡಿಕೊಡದಿದ್ದರೆ ನಿಂತಲ್ಲೇ ಸಾಯುತ್ತವೆ, ಒಂದರ ಉಣ್ಣೆ ಇನ್ನೊಂದು ತಿಂದುಕೊಂಡು. ಮಧ್ಯಾಹ್ನ ಗೇಟು ಮುಚ್ಚುತ್ತೇವೆ ಅಂದೆ.

"ಮುಚ್ಕೋ ಮಾರಾಯ. ಗೇಟಲ್ಲಿ ನನ್ ಬೀಗಾನೂ ಇದ್ಯಲ್ಲ, ತಕ್ಕೊಂಡು ಬರ್ತೀನಿ."

ಐಲ್ಸಾ ಜೊತೆ ಜಗಳ ಮಾಡಿಕೊಂಡು ಬಂದಿದ್ದಾನೆ. ಹೆಂಡತಿಗಿಂತ ಕುರಿ ಹೆಚ್ಚಾಯಿತೇ ಎಂದು ಕೇಳಿದಳಂತೆ. ಮೂರು ಗಂಟೆಗೆ ಮನೆಯಲ್ಲಿರುತ್ತೇನೆ ಎಂದು ಮಾತು ಕೊಟ್ಟಿದ್ದಾನಂತೆ. ಹೋಗಬೇಡ ಅಂತ ನಾನೂ ಹೇಳಬಹುದಿತ್ತು. ಬೇಡ ಎಂದರೆ ಬೇಕೆಂದೇ ಹೋಗುವ ಆಸಾಮಿ.

ಮಧ್ಯಾಹ್ನ 2:30
ಒಂದೂ ಮುಕ್ಕಾಲಿಗೆ ಮುಚ್ಚಿದೆ. ಚಾಚಿದ ಕೈ ಕಾಣುವುದಿಲ್ಲ, ಹಾಗೆ ಬೀಸುತ್ತಿದೆ. ಗ್ಲೌಸ್ ತೆಗೆದರೆ ಬೆರಳು ಕಬ್ಬಿಣಕ್ಕೆ ಅಂಟುತ್ತದೆ, ತೆಗೆಯದಿದ್ದರೆ ಬೀಗ ಹಿಡಿಯಲಾಗದು. ಹೇಗೋ ಒತ್ತಿ ಓಡಿಬಂದೆ. ಮರ್ಡೊ ಇನ್ನೂ ಮೇಲೆ. ಅಲ್ಲಿ ಅವನ ಗುಡಿಸಲಿದೆ, ಒಲೆ, ಸೌದೆ, ಮಾಂಸ ಎಲ್ಲ ಇದೆ. ಇಳಿದರೂ ಸರಿ, ಉಳಿದರೂ ಸರಿ.

ಜುಲೈ 7
ಐಲ್ಸಾ ಮೂರು ಸಲ ಫೋನ್ ಮಾಡಿದಳು. ಗುಡಿಸಲಲ್ಲಿ ಬೆಚ್ಚಗಿರುತ್ತಾನೆ ಅಂದೆ. ಮೇಲೆ ಸಿಗ್ನಲ್ ಇಲ್ಲ. ಹೆಲಿಕಾಪ್ಟರ್ ಏಳುವ ಹವೆಯಲ್ಲ. ಸಿಟ್ಟಿಗೆ ಅಲ್ಲೇ ಕೂತಿದ್ದಾನೆ ಬಿಡು ಎಂದಳು. ದನಿಯಲ್ಲಿ ಹೆದರಿಕೆ.

ಜುಲೈ 9, ಮಧ್ಯಾಹ್ನ 3
ಬೆಳಿಗ್ಗೆ ಗಾಳಿ ನಿಂತಿತು. ಗೇಟು ತೆಗೆಯಲು ನಾನು ಮುಂದೆ, ಹಿಮ ತಳ್ಳುವ ಲಾರಿಯಲ್ಲಿ ವಿರೆಮು ಹಿಂದೆ. ಗೇಟಿಗೆ ಎದೆಮಟ್ಟ ಹಿಮ. ಸಲಿಕೆಯಿಂದ ತೋಡಿ ಸರಪಳಿ ಹೊರಗೆಳೆದೆ.

ಬರೆಯಬೇಕು. ಬರೆದೇಬಿಡುತ್ತೇನೆ.

ಸರಪಳಿಯ ಎರಡು ತುದಿಗಳ ನಡುವೆ ಮೂರು ಬೀಗ — ನಮ್ಮದು, ಕರೆಂಟಿನವರದು, ಮರ್ಡೊನದು. ಒಂದರೊಳಗೊಂದು ಪೋಣಿಸಿರಬೇಕು. ಆಗ ಯಾವ ಒಂದನ್ನು ತೆಗೆದರೂ ಗೇಟು ಬಿಚ್ಚುತ್ತದೆ. ನಾನು ನಮ್ಮ ಬೀಗವನ್ನು ಅವನ ಬೀಗಕ್ಕೆ ಪೋಣಿಸಿರಲಿಲ್ಲ. ಸರಪಳಿಯ ಎರಡೂ ತುದಿ ಸೇರಿಸಿ ಒತ್ತಿಬಿಟ್ಟಿದ್ದೆ. ಉಳಿದೆರಡು ಬೀಗ ಸುಮ್ಮನೆ ನೇತಾಡುತ್ತಿದ್ದವು. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದ್ದೇನೆ. ಹೊಸಬರಿಗೆ ಮೊದಲ ದಿನ ಕಲಿಸುವ ಪಾಠ ಇದು.

ಮರ್ಡೊನ ಬೀಗ ತೆರೆದಿತ್ತು. ಕೀಲಿ ಅದರಲ್ಲೇ. ನಮ್ಮ ಬೀಗದ ಮೇಲೆ ಕಲ್ಲಿನಿಂದ ಜಜ್ಜಿದ ಗುರುತುಗಳು... ಎಷ್ಟು ಸಲ ಜಜ್ಜಿದ್ದನೋ.

ವಿರೆಮುವಿನ ಲಾರಿ ಇನ್ನೂ ತಿರುವಿನಾಚೆ ಇತ್ತು. ಆ ಬೀಗ ಜೇಬಿಗೆ. ಮರ್ಡೊನ ಕೀಲಿ ಜೇಬಿಗೆ. ಸ್ಪೇರ್ ಬೀಗ ಹಾಕಿ ಎಲ್ಲ ಸರಿಯಾಗಿ ಪೋಣಿಸಿದೆ. ವಿರೆಮು ಬಂದಮೇಲೆ ಅವನ ಕಣ್ಣೆದುರೇ ತೆಗೆದೆ. ನನ್ನ ಮೇಲೆ ನನಗೇ ಹೇಸಿಗೆ.

ಮರ್ಡೊನ ಪಿಕಪ್ ಮೂರು ಕಿಲೋಮೀಟರ್ ಮೇಲೆ ಸಿಕ್ಕಿತು, ಮೂತಿ ಗುಡಿಸಲ ಕಡೆ. ಗೇಟಿನಿಂದ ಊರು ಹನ್ನೊಂದು ಕಿಲೋಮೀಟರ್, ಆ ಗಾಳಿಯಲ್ಲಿ ನಡೆಯುವ ಮಾತಿಲ್ಲ. ಗುಡಿಸಲಿಗೆ ವಾಪಸ್ ಹೊರಟು ಹಿಮದಲ್ಲಿ ಹೂತುಕೊಂಡಿದ್ದಾನೆ. ನಾಯಿಯನ್ನು ಕೋಟಿನೊಳಗೆ ಹಾಕಿಕೊಂಡು ಕೂತಿದ್ದ. ನಾಯಿ ಬದುಕಿದೆ.

ಜುಲೈ 10
ಪೊಲೀಸಿನವನು ಬಂದ. ಗೇಟು ಸರಿಯಿತ್ತೇ ಎಂದು ಕೇಳಿದ. ಸರಿಯಿತ್ತು, ನಾನೇ ನೋಡಿದೆ ಎಂದ ವಿರೆಮು.

ಜುಲೈ 14
ಮಣ್ಣು ಮಾಡಿದೆವು. ನೆಲ ಗಟ್ಟಿಯಾಗಿತ್ತು, ಗುಂಡಿ ತೋಡಲು ಮೆಷಿನ್ ತರಿಸಬೇಕಾಯಿತು. ಆಮೇಲೆ ಹಾಲ್‌ನಲ್ಲಿ ಟೀ, ಸ್ಯಾಂಡ್‌ವಿಚ್. ಮರ್ಡೊನದು ಕೋಣನ ಹಟ, ಇಳಿಯುವ ಹೊತ್ತಿಗೆ ಇಳಿಯಲಿಲ್ಲ, ಕುರಿ ಕುರಿ ಅಂತ ಸತ್ತ — ಎಲ್ಲರೂ ಸತ್ತವನ ಮೇಲೇ ಗೂಬೆ ಕೂರಿಸಿದರು. ನಾನೂ ತಲೆಯಾಡಿಸಿದೆ.

ಜುಲೈ 27
ಇಷ್ಟು ದಿನ ಬರೆಯಲು ಮನಸ್ಸು ಬರಲಿಲ್ಲ.

ಇವತ್ತು ಐಲ್ಸಾಗೆ ಸೌದೆ ಒಡೆದುಕೊಡಲು ಹೋಗಿದ್ದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾಯಿ ನನ್ನ ಹತ್ತಿರ ಬರಲಿಲ್ಲ. ಹಿಂದಿನ ಸಲವೂ ಬಂದಿರಲಿಲ್ಲ, ಅದಕ್ಕೇನು ಗೊತ್ತು.

"ಮೂರಕ್ಕೆ ಬರ್ತೀನಿ ಅಂದಿದ್ದ ಡೆಸ್. ಬರೋ ಮನಸ್ಸೇ ಮಾಡ್ಲಿಲ್ಲ ನೋಡು. ಗಾಡಿ ಮೂತಿ ಮೇಲಕ್ಕಿತ್ತಂತೆ. ನನ್ ಮುಖ ನೋಡೋದಕ್ಕಿಂತ ಆ ಗುಡಿಸಲೇ ವಾಸಿ ಅನ್ನಿಸ್ತು ಅವನಿಗೆ."

ಹಾಗನ್ನಬೇಡ ಅಂದೆ. ಅಷ್ಟೇ ಅಂದೆ. ಒಂದು ರಾಶಿ ಸೌದೆ ಒಡೆದೆ. ಇನ್ನೊಂದು ರಾಶಿಯನ್ನೂ ಒಡೆದೆ.

ಆಗಸ್ಟ್ 2
ಮರ್ಡೊನ ಬಟ್ಟೆಯನ್ನೆಲ್ಲ ಹಿತ್ತಲಲ್ಲಿ ಸುಟ್ಟಳಂತೆ. ವಿರೆಮುವಿನ ಹೆಂಡತಿ ತಡೆಯಲು ಹೋದರೆ, ಅವನೇ ನನ್ನನ್ನು ಬೇಡ ಅಂದಮೇಲೆ ಇವೆಲ್ಲ ಯಾಕೆ ಅಂದಳಂತೆ. ಜಗಳವಾಡಿದ್ದರೂ ಅವಳಿಗಾಗಿ ಹಿಮದಲ್ಲಿ ಇಳಿದುಬಂದ ಮನುಷ್ಯ ಅವನು. ನಾನು ಬೀಗದ ವಿಷಯ ಮುಚ್ಚಿಟ್ಟಿದ್ದಕ್ಕೆ ಅವಳು ಅವನನ್ನು ದ್ವೇಷಿಸುತ್ತಿದ್ದಾಳೆ. ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಹೇಳಬೇಕು.

ಆಗಸ್ಟ್ 3, ಸಂಜೆ 4
ಹೋದೆ. ಟೀ ಕೊಟ್ಟಳು. ಕುಡಿಯಲಾಗಲಿಲ್ಲ. ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ಅವನು ಬಂದಿದ್ದ ಐಲ್ಸಾ. ಗೇಟಿನ ತನಕ ಇಳಿದು ಬಂದಿದ್ದ."

ಒಂದು ತಿಂಗಳಿಂದ ಆ ಮುಖದಲ್ಲಿ ಕಾಣದ ಜೀವ ಕಂಡಿತು. ಬಂದಿದ್ನಾ, ಬಂದಿದ್ನಾ ಎಂದು ಎರಡು ಸಲ ಕೇಳಿದಳು. ಅತ್ತಳು. ನನ್ನ ಎರಡೂ ಕೈ ಹಿಡಿದುಕೊಂಡಳು. ನೀನು ದೊಡ್ಡವನು ಡೆಸ್, ನನ್ನ ಜೀವ ಉಳಿಸಿದೆ ಅಂದಳು. ಆಮೇಲೆ, ಕೈ ಬಿಡದೆಯೇ, ಕೇಳಿದಳು —

"ನಿನಗೆ ಹೇಗೆ ಗೊತ್ತಾಯ್ತು?"

ಆಗ ನಾನು ಕೈ ಬಿಡಿಸಿಕೊಂಡು, ಜೇಬಲ್ಲಿದ್ದ ಆ ಬೀಗವನ್ನೂ ಮರ್ಡೊನ ಕೀಲಿಯನ್ನೂ ತೆಗೆದು ಅವಳ ಮುಂದಿಟ್ಟೆ.