ಸೀಸಕ್ಕೊಂದು ನಡುವಿನ ಅಂಕಿ

ಮಾರ್ಚ್ ೧೮, ಮಂಗಳವಾರ

ಕುಡಿಯುವ ನೀರಿನಲ್ಲಿ ಸೀಸ ಎಷ್ಟಿರಬಹುದು ಎಂಬುದು ಇಂದು ತೀರ್ಮಾನವಾಯಿತು. ಆರೋಗ್ಯ ಇಲಾಖೆಯವರು ಲೀಟರಿಗೆ ಹತ್ತು ಮೈಕ್ರೋಗ್ರಾಂ ಎಂದರು, ಕೈಗಾರಿಕಾ ಇಲಾಖೆಯವರು ಐವತ್ತು ಎಂದರು. ಕಾರ್ಯದರ್ಶಿಗಳು ನಡುವಿನ ಮೂವತ್ತನ್ನು ಬರೆಸಿ, ಕನ್ನಡಕ ತೆಗೆದಿಟ್ಟು ನಕ್ಕರು. ವಿಜ್ಞಾನ ಸಲಹೆಗಾರ್ತಿಯಾಗಿ ಆ ಕೋಣೆಯಲ್ಲಿ ನಾನೂ ಇದ್ದೆ.

“ಸರ್, ಇದು ಚೌಕಾಸಿ ಮಾಡೋ ವಿಷಯ ಅಲ್ಲ. ಮೂವತ್ತಿದ್ರೂ ಮಕ್ಕಳ ಮಿದುಳಿಗೆ ಪೆಟ್ಟು ಬೀಳುತ್ತೆ” ಎಂದೆ.

“ಇಲಾಖೆಗಳೆಲ್ಲ ಒಂದೇ ಮಾತಾಡ್ಬೇಕು ಅಂತ ನೀವೇ ಹೇಳ್ತಿದ್ರಲ್ಲ ಮೇಡಂ. ಈಗ ಆಡ್ತಿವೆ.”

ಕಾರ್ಯದರ್ಶಿಗಳ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ನನಗೆ ಖುಷಿಯಾಗುತ್ತದೆಂದೇ ನಂಬಿದ್ದರು. ಅದೇ ಇನ್ನೂ ಚುಚ್ಚುತ್ತಿದೆ. ಬೈದಿದ್ದರೆ ತಿರುಗಿಬಿದ್ದು ಜಗಳವಾದರೂ ಆಡಬಹುದಿತ್ತು.

ರಾತ್ರಿ ಊಟಕ್ಕೆ ಕೂತಾಗ ತಂಗಿಯ ಫೋನ್ ಬಂತು. ಅವಳ ಮನೆ ಸೀಸ ಬಳಸುವ ಬ್ಯಾಟರಿ ಕಾರ್ಖಾನೆಯ ಹಿಂದಿನ ಓಣಿಯಲ್ಲಿದೆ.

“ಅಕ್ಕಾ, ನಮ್ಮ ನಲ್ಲಿ ನೀರು ಹೊಸ ಮಿತಿಯೊಳಗಿದೆ, ಕುಡೀಬಹುದು ಅಂತ ಟೀವಿಲಿ ಹೇಳಿದ್ರು. ಪಾಪುಗೆ ಕುಡಿಸ್ಲಾ?”

“ಬೇಡ ಕಣೇ. ಕ್ಯಾನ್ ನೀರೇ ತರಿಸು.”

“ಪಕ್ಕದ ಮನೆಯವ್ರೂ ಕೇಳ್ತಿದ್ರು. ದಿನಾ ಕ್ಯಾನ್ ತರಿಸೋ ಶಕ್ತಿ ಅವ್ರಿಗಿಲ್ಲ. ಅವ್ರಿಗೆ ಏನು ಹೇಳ್ಲಿ?”

ಮಿತಿ ಇಳಿಸಲು ಮತ್ತೆ ಪ್ರಯತ್ನಿಸುತ್ತೇನೆ ಎಂದೆ.

“ಅದು ಸರಿ. ನಾಳೆ ಬೆಳಿಗ್ಗೆ ಏನು ಹೇಳ್ಲಿ?”

ನಾನು ತಟ್ಟೆಯಲ್ಲಿದ್ದ ಅನ್ನ ಕಲಸತೊಡಗಿದೆ. ಕೊನೆಗೆ ಅವಳೇ ನನ್ನ ಮೇಲೆ ಕರುಣೆ ತೋರಿ ಮಾತು ತಿರುಗಿಸಿದಳು. ಪಾಪುವಿಗೆ ಹಲ್ಲು ಬರುತ್ತಿರುವ ಸುದ್ದಿ ಹೇಳತೊಡಗಿದಳು. ನಾನೂ ಹೂಂಗುಟ್ಟುತ್ತಾ ಕೇಳಿದೆ, ಏನೂ ಆಗದವಳ ಹಾಗೆ, ಎರಡನೇ ಹಲ್ಲಿನ ಸುದ್ದಿ ಮುಗಿಯುವವರೆಗೂ.