ಕೆಂಪು ಹಿಡಿದ ವಿಭೂತಿ

೧೨ ನವೆಂಬರ್ ೨೦೦೭, ಕಾರ್ತಿಕ ಸೋಮವಾರ, ಬೆಳಿಗ್ಗೆ ೭

ಉಪವಾಸ. ಕೊಟ್ಟಿಗೆ ಗುಡಿಸಿದೆ. ಲಿಂಗಪೂಜೆ ಆಯಿತು. ಬೂದಿ ಸೋಸಿ, ಗಟ್ಟಿ ಕಟ್ಟಿ ಮಾಳಿಗೆಯ ಮೇಲೆ ಒಣಗಲು ಇಟ್ಟೆ. ಮಲಪನಗುಡಿಯಲ್ಲಿ ವಿಭೂತಿ ಮಾಡುವ ಮನೆ ಉಳಿದದ್ದು ನಮ್ಮದೊಂದೇ.

ಸೊಸೆ ಶೈಲಶ್ರೀ ಹೊಸಪೇಟೆಯ ಸೈಬರ್ ಸೆಂಟರಿನಲ್ಲಿ ಕೆಲಸ ಮಾಡುತ್ತಾಳೆ. ನಮ್ಮ ವಿಭೂತಿಗೆ ವೆಬ್‌ಸೈಟ್ ಮಾಡಿದವಳೂ ಅವಳೇ. ನಿನ್ನೆ ಅದರ ಮೂಲೆಗೆ ಒಂದು ಡಬ್ಬಿ ಸೇರಿಸಿದ್ದಾಳಂತೆ — 'ನಿಮ್ಮ ಅನಿಸಿಕೆ ಬರೆಯಿರಿ'.

"ಮಂದಿ ಏನಂತಾರ ಗೊತ್ತಾಗಬೇಕಲ್ರೀ, ಅತ್ತಿ."

"ಹೊಗಳಿದ್ರ ಸೊಕ್ಕು ಬರ್ತದ, ಬೈದ್ರ ನಿದ್ದಿ ಹೋಗ್ತದ. ಯಾಕ ಬೇಕವ್ವ ಅದು?"

ನಕ್ಕಳು.

೧೫ ನವೆಂಬರ್

ಮೂರು ಅನಿಸಿಕೆ ಬಂದಿವೆ. ಎಲ್ಲವೂ ಹೊಗಳಿಕೆ. ಶೈಲಾ ಪ್ರಿಂಟ್ ತಂದಳು. ಐದು ಸಲ ಓದಿಕೊಂಡೆ. ಶಿವನೇ, ಸೊಕ್ಕು ಬಂದೇ ಬಿಟ್ಟಿತು.

೧೯ ನವೆಂಬರ್, ಸೋಮವಾರ

ಉಪವಾಸ. ಶೈಲಾ ಬರಿಗೈಯಲ್ಲಿ ಬಂದಳು. "ಇವತ್ತ ಏನೂ ಬಂದಿಲ್ರೀ." ಮುಖ ನೋಡಿದರೇ ತಿಳಿಯಿತು. ಬ್ಯಾಗಿನಿಂದ ಕಾಗದ ನಾನೇ ತೆಗೆದೆ.

ಕಂಪ್ಲಿಯ ರೇಣುಕಾದೇವಿ ಅನ್ನುವವರು ಬರೆದದ್ದು. ಅವರ ಅತ್ತೆ ಲಿಂಗೈಕ್ಯರಾದಾಗ ಹಣೆಗೆ ನಮ್ಮ ವಿಭೂತಿ ಹಚ್ಚಿದರಂತೆ. ಒಣಗಿದ ಮೇಲೆ ಕೆಂಪಗೆ ಕಂಡಿತಂತೆ. ಮೂವತ್ತು ವರ್ಷ ವಿಧವೆಯಾಗಿದ್ದವಳ ಹಣೆಗೆ ಸೊಸೆ ಕುಂಕುಮ ಇಟ್ಟಳು ಎಂದು ಜನ ಆಡಿಕೊಂಡರಂತೆ. 'ತಾಯಿ, ಇದರಲ್ಲಿ ಏನು ಬೆರೆಸಿದ್ದೀರಿ?'

ನಾನೇನು ಬೆರೆಸುತ್ತೇನೆ... ಕೂತಲ್ಲಿ ಕೂರಲಾಗುತ್ತಿಲ್ಲ.

೨೦ ನವೆಂಬರ್

ಒಣಗಿದ ಗಟ್ಟಿಯೊಂದನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಬಟ್ಟೆ ಕೆಂಪು. ಮುರಿದು ನೋಡಿದೆ — ಒಳಗೆ ಬೆಳ್ಳಗಿದೆ. ಮಾಳಿಗೆಯಿಂದ ಹಿಂದಿನ ಹೊಲ ನೋಡಿದೆ. ಯುಗಾದಿಯಿಂದ ಅದು ಸ್ಟಾಕ್‌ಯಾರ್ಡ್. ನಮ್ಮ ಯಜಮಾನರು, ಇವರೇ ಬಾಡಿಗೆಗೆ ಕೊಟ್ಟದ್ದು. ಸಂಡೂರಿನ ಲಾರಿಗಳು ಅಲ್ಲಿ ಕಬ್ಬಿಣದ ಅದಿರು ಸುರಿಯುತ್ತವೆ. ಗಾಳಿ ಎದ್ದರೆ ಧೂಳೆಲ್ಲ ನಮ್ಮ ಮಾಳಿಗೆಗೆ. ತೆಳ್ಳನೆ ಪಂಚೆ ಮುಚ್ಚಿದರೆ ಸಾಕು ಅಂದುಕೊಂಡಿದ್ದೆ.

ಎಂಟು ತಿಂಗಳಿಂದ ನಾನೂ ಅದನ್ನೇ ಧರಿಸಿದ್ದೇನೆ. ಲಿಂಗಕ್ಕೂ ಅದೇ.

೨೭ ನವೆಂಬರ್

ವಾರದಿಂದ ಬರೆದಿಲ್ಲ. ಗಟ್ಟಿ ಕಟ್ಟಿಲ್ಲ. ಪಾರ್ಸೆಲ್ ಕಳಿಸಿಲ್ಲ. ಇವತ್ತು ಇವರಿಗೆ ಹೇಳಿದೆ, ರೇಣುಕಾದೇವಿಗೆ ಖರೆ ಬರೆಯುತ್ತೇನೆ ಎಂದು.

"ಹುಚ್ಚು ಹಿಡದೈತೇನು? ಡಬ್ಬ್ಯಾಗ ಬರದ್ರ ಊರೆಲ್ಲ ಓದ್ತದ. ಯಾರ್ಡಿನವ್ರು ಸುಮ್ನಿರ್ತಾರ? ಶೈಲಾ, ಆಕಿ ಬರದದ್ದು ಅಳಿಸಿಬಿಡು. ಒಂದು ಬಟನ್ ಅಂತಲ್ಲ."

"ಡಬ್ಬ್ಯಾಗಿಂದ ಹೋಗ್ತದ. ಸತ್ತಾಕಿ ಹಣಿಮ್ಯಾಲಿಂದ ಹೋಗ್ತದೇನ್ರಿ?"

ತಟ್ಟೆ ಬಿಟ್ಟು ಎದ್ದರು. ಶೈಲಾ ಆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಳಿಸುವಳೋ ಇಲ್ಲವೋ ತಿಳಿಯದು.

೩ ಡಿಸೆಂಬರ್, ಕಡೆಯ ಕಾರ್ತಿಕ ಸೋಮವಾರ, ಬೆಳಿಗ್ಗೆ ೭.೩೦

ಉಪವಾಸ. ಇವತ್ತು ಹಣೆಗೆ ಬರೀ ನೀರು.

ನಸುಕಿನಲ್ಲಿ ಉತ್ತರ ಬರೆದಿಟ್ಟೆ. ನಾವು ಏನೂ ಬೆರೆಸಿಲ್ಲ, ಅದು ನಮ್ಮ ಹೊಲದಲ್ಲಿ ಬಿದ್ದ ಅದಿರಿನ ಧೂಳು, ನೋಡಿಕೊಳ್ಳದೆ ಕಳಿಸಿದ ತಪ್ಪು ನನ್ನದು, ನಿಮ್ಮನ್ನು ಆಡಿಕೊಂಡವರಿಗೆ ಇದನ್ನು ಓದಿ ಹೇಳಿರಿ — ಅಷ್ಟೇ. ಹೆಸರು ಹಾಕಿದ್ದೇನೆ.

ಇವರು ಯಾರ್ಡಿನ ಸೂಪರ್‌ವೈಸರನ್ನು ಕರೆತಂದು ಪಡಸಾಲೆಯಲ್ಲಿ ಕೂರಿಸಿದ್ದಾರೆ. ಶೈಲಾಳ ಬಸ್ಸು ಎಂಟಕ್ಕೆ. ಅವಳೊಡನೆ ಮಾತಾಡಲು, ಜಗುಲಿಯತ್ತ ಹೋಗಲು ಬಿಡುತ್ತಿಲ್ಲ — "ಚಾ ತಾ, ಸಕ್ರಿ ತಾ." ಇನ್ನು ಈ ಹಾಳೆಯನ್ನೇ ಹರಿದು, ಹೊರಡುವ ಮೊದಲೇ ಕಣ್ಣಿಗೆ ಬೀಳುವಂತೆ ಅವಳ ಬುತ್ತಿಯ ಮೇಲೆ ಇಡುತ್ತೇನೆ.

ಶೈಲಾ, ದೇವರ ಜಗುಲಿಯ ಗೂಡಿನಲ್ಲಿ, ಮುರಿದ ಗಟ್ಟಿಯ ಕೆಳಗೆ ನನ್ನ ಉತ್ತರ ಇದೆ. ತಗೊಂಡು ಹೋಗವ್ವ. ಒಂದಕ್ಷರ ಬಿಡದೆ ಹಾಕು. ನಿಮ್ಮ ಮಾವ ಎದ್ದರು, ಗೂಡಿನ ಕಡೆ